ದುಬಾರಿ ದೇಶಕ್ಕೆ ತೆರಳುವ ಮುನ್ನ ಗಮನಿಸಬೇಕಾದ ಅಂಶಗಳು

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಉದ್ಯೋಗ ಅಥವಾ ವ್ಯಾಸಂಗದ ನಿಮಿತ್ತ ಹೊರದೇಶಕ್ಕೆ ತೆರಳಲು ಇಚ್ಛಿಸುವ ಸಾರ್ವಜನಿಕರು ಪಾಸ್‌ಪೋರ್ಟ್, ವೀಸಾ ಹಾಗೂ ಪ್ರಮಾಣಪತ್ರಗಳ ಕುರಿತು ವಿವರವಾಗಿ ವಿಚಾರಿಸುತ್ತಾರೆ. ತಾವು ಹೋಗಿ ನೆಲೆಸಲಿರುವ ಊರಿನಲ್ಲಿ ಒಂದು ತಿಂಗಳು ಕಳೆಯಲು ಎಷ್ಟು ಹಣ ಬೇಕು ಎಂಬುದನ್ನು ವಿಚಾರಿಸುವವರು ವಿರಳ. ಕೊಲ್ಲಿ ರಾಷ್ಟ್ರಗಳಾಗಲಿ, ಜರ್ಮನಿ, ಬ್ರಿಟನ್, ಕೆನಡಾಗಳಾಗಲಿ, ಜೀವನವೆಚ್ಚದಲ್ಲಿ ನಮ್ಮ ಭಾಗಕ್ಕಿಂತ ದುಬಾರಿಯಾಗಿವೆ. ಜಮೀನನ್ನು ಒತ್ತೆಯಿಟ್ಟು ಅಥವಾ ಕೈಗಡ ಮಾಡಿ ಹೊರಡುವ ಕುಟುಂಬಗಳಿಗೆ ಈ ಒಂದು ಲೆಕ್ಕ ತಪ್ಪಿದರೆ ಉಳಿದೆಲ್ಲ ದಾಖಲೆಗಳು ಸರಿಯಿದ್ದೂ ಪ್ರಯೋಜನವಾಗುವುದಿಲ್ಲ. ಆದ್ದರಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸಂಬಳ ಮತ್ತು ಉಳಿತಾಯ

ನೇಮಕಾತಿ ಪತ್ರದಲ್ಲಿರುವ ಸಂಬಳವನ್ನು ವಿನಿಮಯ ದರದಿಂದ ಗುಣಿಸಿ ಬರುವ ರೂಪಾಯಿಯನ್ನೇ ವರಮಾನವೆಂದು ಭಾವಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ವಿಶ್ವಬ್ಯಾಂಕಿನ ಲೆಕ್ಕದಂತೆ ಅಮೆರಿಕದಲ್ಲಿ 1 ಡಾಲರಿಗೆ ದೊರೆಯುವ ಸರಕು ಮತ್ತು ಸೇವೆ ಭಾರತದಲ್ಲಿ ಸರಾಸರಿ ಸುಮಾರು 20 ರೂಪಾಯಿಗೆ ದೊರೆಯುತ್ತದೆ. ಆದರೆ ಬ್ಯಾಂಕಿನಲ್ಲಿ 1 ಡಾಲರ್ ಕೊಳ್ಳಲು 80 ರೂಪಾಯಿಗೂ ಹೆಚ್ಚು ತೆರಬೇಕು. ಅಂದರೆ ನಿಪ್ಪಾಣಿಯಲ್ಲಿ 40,000 ರೂ.ಗಳಲ್ಲಿ ನಡೆಯುವ ಸಂಸಾರವನ್ನು ಅದೇ ಮಟ್ಟದಲ್ಲಿ ಅಮೆರಿಕದಲ್ಲಿ ನಡೆಸಲು ಸುಮಾರು 2,000 ಡಾಲರ್ ಬೇಕಾಗುತ್ತದೆ. ಬ್ಯಾಂಕ್ ದರದಲ್ಲಿ ಇದು 1,60,000 ರೂ.ಗಳನ್ನು ಮೀರುತ್ತದೆ. ಅಲ್ಲಿ ಖರ್ಚಾಗುವ ಹಣಕ್ಕೆ ಅಲ್ಲಿನ ಬೆಲೆ. ಊರಿಗೆ ಕಳುಹಿಸುವ ಹಣಕ್ಕೆ ಮಾತ್ರ ಬ್ಯಾಂಕಿನ ದರ. ಹೀಗಾಗಿ ನೋಡಬೇಕಾದುದು ಸಂಬಳವನ್ನಲ್ಲ, ಖರ್ಚು ಕಳೆದು ಕೈಯಲ್ಲಿ ಉಳಿಯುವುದನ್ನು.

ಉದಾಹರಣೆಗೆ, ದುಬೈನಲ್ಲಿ ತಿಂಗಳಿಗೆ 2,200 ದಿರ್ಹಂ ಸಂಬಳದ ಕೆಲಸವೊಂದನ್ನು ಪರಿಗಣಿಸೋಣ. ಲೆಕ್ಕದ ಅನುಕೂಲಕ್ಕಾಗಿ 1 ದಿರ್ಹಂಗೆ 24 ರೂ. ಎಂದಿಟ್ಟುಕೊಂಡರೆ ಸಂಬಳ 52,800 ರೂ. ಆಗುತ್ತದೆ. ವಸತಿಯನ್ನು ಮಾಲೀಕರೇ ಒದಗಿಸಿದರೂ ಊಟ, ಫೋನು, ಓಡಾಟ ಇತ್ಯಾದಿಗಳಿಗೆ 800 ದಿರ್ಹಂ ತಗುಲಿದರೆ ಉಳಿಯುವುದು 1,400 ದಿರ್ಹಂ, ಅಂದರೆ 33,600 ರೂ. ಹೋಗುವುದಕ್ಕಾಗಿ ಶೇಕಡಾ 2ರ ತಿಂಗಳ ಬಡ್ಡಿಯಲ್ಲಿ 2,00,000 ರೂ. ಕೈಗಡ ಮಾಡಿದ್ದಲ್ಲಿ ಬಡ್ಡಿಯೇ 4,000 ರೂ. ಕಬ್ಬಿಗೆ ನೀರು ಹಾಯಿಸಲು ಊರಿನಲ್ಲಿ ಆಳನ್ನು ಇಟ್ಟರೆ 8,000 ರೂ. ಎಂದುಕೊಳ್ಳೋಣ. ಉಳಿದದ್ದು 21,600 ರೂ. ಸದರಿ ವ್ಯಕ್ತಿ ಊರಿನಲ್ಲಿಯೇ ದುಡಿದು ಮನೆಗೆ 20,000 ರೂ. ಕೊಡುತ್ತಿದ್ದರೆ, ಮನೆ ಬಿಟ್ಟು ಹೋದ ಲಾಭ ತಿಂಗಳಿಗೆ 1,600 ರೂ. ಮಾತ್ರ. ಎರಡು ವರ್ಷದ ಕರಾರು ಮುಗಿದಾಗ ಇದು 38,400 ರೂ. ಆಗುತ್ತದೆ, 2,00,000 ರೂ.ಗಳ ಅಸಲು ಹಾಗೆಯೇ ನಿಂತಿರುತ್ತದೆ.

ಇವು ವಿವರಣೆಗಾಗಿ ನೀಡಿದ ಅಂಕಿಗಳು. ಪ್ರತಿಯೊಬ್ಬರೂ ತಮ್ಮದೇ ಅಂಕಿಗಳನ್ನು ಒಂದು ಹಾಳೆಯ ಮೇಲೆ ಜಮಾ-ಖರ್ಚು ರೂಪದಲ್ಲಿ ಬರೆದು, ಮನೆಯ ಹಿರಿಯರ ಸಮ್ಮುಖದಲ್ಲಿ ಓದತಕ್ಕದ್ದು. ಏಜೆಂಟರ ಎದುರಿಗಲ್ಲ.

ನೇಮಕಾತಿ ಶುಲ್ಕ

ಮೇಲಿನ ಲೆಕ್ಕವನ್ನು ಕೆಡಿಸಿದ್ದರಲ್ಲಿ ಜೀವನವೆಚ್ಚದ ಜೊತೆಗೆ ಸಾಲವೂ ಸೇರಿದೆ ಎಂಬುದನ್ನು ಗಮನಿಸಬೇಕು. 1983ರ ವಲಸೆ ಕಾಯ್ದೆಯನ್ವಯ ನೋಂದಾಯಿತ ನೇಮಕಾತಿ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂ.; ಶೇಕಡಾ 18ರ ಜಿ.ಎಸ್.ಟಿ. ಸೇರಿ 35,400 ರೂ. ಇದಕ್ಕೆ ರಸೀದಿ ಕೇಳುವುದು ಅರ್ಜಿದಾರರ ಹಕ್ಕು. ಸಂಯುಕ್ತ ಅರಬ್ ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ವೆಚ್ಚವನ್ನು ಕೆಲಸಗಾರರಿಂದ ವಸೂಲು ಮಾಡುವಂತೆಯೇ ಇಲ್ಲ. ಹೀಗಿರುವಾಗ ಲಕ್ಷಗಟ್ಟಲೆ ಕೇಳುವವರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸದೆ ಒಂದು ರೂಪಾಯಿಯನ್ನೂ ನೀಡಬಾರದು.

ಹತ್ತನೇ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದಾಗಿದ್ದು, ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳಲು ವಲಸೆ ಅನುಮತಿ ಅವಶ್ಯ. ಇಂಥವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 2 ವರ್ಷಕ್ಕೆ 275 ರೂ. ಕಂತಿಗೆ 10 ಲಕ್ಷ ರೂ.ಗಳ ಅಪಘಾತ ವಿಮೆ ದೊರೆಯುತ್ತದೆ. ಸಂದರ್ಶಕ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸಿಕೊಳ್ಳಬಹುದೆಂಬ ಮಾತನ್ನು ನಂಬಿ ಹೋದವರಿಗೆ ಈ ಯಾವ ರಕ್ಷಣೆಯೂ ಇರುವುದಿಲ್ಲ.

ಕರಾರಿನಲ್ಲಿ ಮೂಲ ವೇತನವೆಷ್ಟು, ಭತ್ಯೆಯೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ಎಮಿರೇಟ್ಸ್‌ನಲ್ಲಿ ಸೇವಾಂತ್ಯದ ಉಪದಾನವು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನದಂತೆ ಲೆಕ್ಕವಾಗುತ್ತದೆ. ಮೂಲ ವೇತನ ಕಡಿಮೆ ತೋರಿಸಿದಷ್ಟೂ ಉಪದಾನ ಕಡಿಮೆ. ಚಾಲಕ ಹುದ್ದೆಗೆ ತೆರಳುವವರು ಚಿಕ್ಕೋಡಿಯ ಪ್ರಾದೇಶಿಕ ಸಾರಿಗೆ ಕಚೇರಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೇ ಸಾಕೆಂದು ಭಾವಿಸಬಾರದು. ಅಲ್ಲಿನ ಲೈಸೆನ್ಸ್ ಪಡೆಯುವ ತರಬೇತಿ ಹಾಗೂ ಪರೀಕ್ಷಾ ಶುಲ್ಕವನ್ನು ಯಾರು ಭರಿಸುವರೆಂದು ಮೊದಲೇ ಬರಹದಲ್ಲಿ ಪಡೆಯುವುದು ಸೂಕ್ತ.

ಕುಟುಂಬ ಸಮೇತ ತೆರಳುವವರಿಗೆ

ಒಬ್ಬರೇ ಇದ್ದಾಗ ಕೂಡಿಬರುವ ಲೆಕ್ಕ ಕುಟುಂಬ ಸೇರಿದ ಕೂಡಲೇ ಬದಲಾಗುತ್ತದೆ. ಎಮಿರೇಟ್ಸ್‌ನಲ್ಲಿ 2019ರಿಂದ ಕುಟುಂಬವನ್ನು ಕರೆಸಿಕೊಳ್ಳಲು ಕನಿಷ್ಠ 4,000 ದಿರ್ಹಂ ಸಂಬಳ ಅಥವಾ 3,000 ದಿರ್ಹಂ ಜೊತೆಗೆ ವಸತಿ ಇರಬೇಕು. ಇದು ಅನುಮತಿಯ ಮಿತಿಯೇ ಹೊರತು ಬದುಕಲು ಸಾಕೆನ್ನುವ ಭರವಸೆಯಲ್ಲ. ದುಬೈನಲ್ಲಿ ವರ್ಷದ ಬಾಡಿಗೆಯನ್ನು ಕೆಲವೇ ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಕೊಡುವ ಪದ್ಧತಿಯಿದೆ. ಮಕ್ಕಳ ವಿದ್ಯಾಭ್ಯಾಸ ಖಾಸಗಿ ಶಾಲೆಗಳಲ್ಲಿ. ಸೌದಿ ಅರೇಬಿಯಾದಲ್ಲಿ 2017ರಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಇದ್ದ ಶುಲ್ಕ 2020ರ ವೇಳೆಗೆ 400 ರಿಯಾಲ್ ಆಯಿತು.

ಬ್ರಿಟನ್‌ಗೆ ತೆರಳುವವರು ಆರೋಗ್ಯ ಶುಲ್ಕವನ್ನು ವೀಸಾ ಅವಧಿ ಪೂರ್ತಿಗೆ ಮುಂಗಡವಾಗಿ ಕಟ್ಟಬೇಕು. ಫೆಬ್ರವರಿ 2024ರಲ್ಲಿ ಇದನ್ನು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್‌ಗೆ ಏರಿಸಲಾಯಿತು. ಆರೋಗ್ಯ ಮತ್ತು ಆರೈಕೆ ಕೆಲಸಗಾರರ ವೀಸಾ ಪಡೆಯುವ ನರ್ಸುಗಳಿಗೆ ಇದರಿಂದ ವಿನಾಯಿತಿ ಇದೆ.

ವಿದ್ಯಾರ್ಥಿಗಳಿಗೆ ಒಂದು ಅನುಕೂಲವುಂಟು. ಜೀವನವೆಚ್ಚದ ಕನಿಷ್ಠ ಅಂದಾಜನ್ನು ಆಯಾ ಸರ್ಕಾರಗಳೇ ಪ್ರಕಟಿಸುತ್ತವೆ. ಜರ್ಮನಿಯು ಸೆಪ್ಟೆಂಬರ್ 2024ರಿಂದ ನಿರ್ಬಂಧಿತ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ಇರಿಸುವಂತೆ ಕೇಳಿತು. ತಿಂಗಳಿಗೆ ಪಡೆಯಬಹುದಾದದ್ದು 992 ಯೂರೋ. ಕೆನಡಾವು ಸೆಪ್ಟೆಂಬರ್ 2025ರಿಂದ ಬೋಧನಾ ಶುಲ್ಕ ಹಾಗೂ ಪ್ರಯಾಣ ಹೊರತುಪಡಿಸಿ 22,895 ಕೆನಡಿಯನ್ ಡಾಲರ್ ತೋರಿಸುವಂತೆ ಕೇಳಿತು. ವೀಸಾಕ್ಕಾಗಿ ಈ ಹಣವನ್ನು ಕೆಲದಿನಗಳ ಮಟ್ಟಿಗೆ ಸಾಲ ತಂದು ಖಾತೆಯಲ್ಲಿ ತೋರಿಸಿ ಹಿಂತಿರುಗಿಸುವ ರೂಢಿಯನ್ನು ಅನುಸರಿಸಿದವರು, ಅಲ್ಲಿಗೆ ಹೋದ ಮೇಲೆ ಅದೇ ಹಣ ನಿಜಕ್ಕೂ ಬೇಕೆಂಬುದನ್ನು ಅರಿಯುತ್ತಾರೆ.

ಗಡಿ ಭಾಗದ ದಾಖಲೆಗಳು

ನಮ್ಮ ತಾಲ್ಲೂಕುಗಳ ಅನೇಕರು ಕೊಲ್ಹಾಪುರ, ಸಾಂಗಲಿ, ಮಿರಜಗಳಲ್ಲಿ ಓದಿದವರು. ಹೊರದೇಶದ ಬಳಕೆಗಾಗಿ ಪದವಿ ಪತ್ರವನ್ನು ಮೊದಲು ಅದನ್ನು ನೀಡಿದ ರಾಜ್ಯವು ದೃಢೀಕರಿಸಬೇಕು, ಬಳಿಕ ವಿದೇಶಾಂಗ ಮಂತ್ರಾಲಯ. ಆದ್ದರಿಂದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪದವಿಗೆ ಮಹಾರಾಷ್ಟ್ರ ಸರ್ಕಾರದ ದೃಢೀಕರಣ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವಿಗೆ ಕರ್ನಾಟಕ ಸರ್ಕಾರದ ದೃಢೀಕರಣ ಬೇಕಾಗುತ್ತದೆ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಮರಾಠಿ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಹಾಗೂ ಅಡ್ಡಹೆಸರು ಸೇರಿ ಇನ್ನೊಂದು ರೀತಿ ಹೆಸರಿರುವುದು ಇಲ್ಲಿ ತೀರ ಸಾಮಾನ್ಯ. ಪಾಸ್‌ಪೋರ್ಟ್ ಅರ್ಜಿಗೆ ಮುಂಚೆಯೇ ಇದನ್ನು ಸರಿಪಡಿಸಿಕೊಳ್ಳುವುದು ಸೂಕ್ತ. ದುಬಾರಿ ಊರಿನಲ್ಲಿ ಕುಳಿತು, ಕೆಲಸಕ್ಕೆ ಸೇರಲಾಗದೆ, ಊರಿನಿಂದ ತಿದ್ದುಪಡಿ ಪತ್ರಕ್ಕಾಗಿ ಕಾಯುವ ಒಂದೊಂದು ವಾರದ ಬಾಡಿಗೆಯನ್ನೂ ಖರ್ಚಿನ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಊರಿನಲ್ಲಿ ಉಳಿಯುವ ಜಮೀನು ಮತ್ತು ಸಾಲ

ಅನಿವಾಸಿಯಾದವರು ಕೃಷಿ ಜಮೀನನ್ನು ಹೊಸದಾಗಿ ಖರೀದಿಸುವಂತಿಲ್ಲ. ಮೊದಲೇ ಇರುವ ಅಥವಾ ವಾರಸಾ ಮೂಲಕ ಬರುವ ಜಮೀನನ್ನು ಇಟ್ಟುಕೊಳ್ಳಬಹುದು. ಸಂಪಾದಿಸಿ ಬಂದ ಹಣದಲ್ಲಿ ಪಕ್ಕದ ಹೊಲ ಕೊಳ್ಳುವ ಉದ್ದೇಶವುಳ್ಳವರು ಈ ನಿಯಮವನ್ನು ಮೊದಲೇ ತಿಳಿದಿರಬೇಕು. ಅನಿವಾಸಿಗಳಿಗೆ ಪಿ.ಎಂ. ಕಿಸಾನ್ ಸಹಾಯಧನ ಸಲ್ಲುವುದಿಲ್ಲ. ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಪರಿವರ್ತಿಸಿಕೊಳ್ಳಬೇಕು. ಉತಾರದಲ್ಲಿ ಇನ್ನೂ ತೀರಿಹೋದವರ ಹೆಸರಿದ್ದರೆ ಅಥವಾ ಅಣ್ಣತಮ್ಮಂದಿರ ವಾಟಣಿ ಬಾಕಿಯಿದ್ದರೆ ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಲೇಸು. ಅಲ್ಲಿಂದ ವಟಮುಖತ್ಯಾರ ಪತ್ರ ಕಳುಹಿಸಬೇಕಾದಲ್ಲಿ ಭಾರತೀಯ ದೂತಾವಾಸದ ದೃಢೀಕರಣ ಬೇಕು. ಪತ್ರವು ರಾಜ್ಯವನ್ನು ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಪಾವತಿಸಬೇಕು.

ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವು ಗಡುವಿನೊಳಗೆ ಮರುಪಾವತಿಸಿದರೆ ಮಾತ್ರ ಶೂನ್ಯ ಬಡ್ಡಿಯದು. ಮರುಪಾವತಿಯ ದಿನಾಂಕವನ್ನು ಮನೆಯವರಿಗೆ ಬರೆದುಕೊಡಿ. ಹೊರದೇಶದ ಸಾಲದ ಕಂತನ್ನು ಕಬ್ಬಿನ ಬಿಲ್ಲಿಗೆ ಹೊಂದಿಸದಿರುವುದು ಕ್ಷೇಮ. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನಗಳಲ್ಲಿ ಬಿಲ್ಲು ಪಾವತಿಯಾಗಬೇಕಾದರೂ ಬ್ಯಾಂಕಿನ ಕಂತು ಬಿಲ್ಲಿಗಾಗಿ ಕಾಯುವುದಿಲ್ಲ. ತುರ್ತು ಸಂದರ್ಭಕ್ಕಾಗಿ ಹಿಂತಿರುಗುವ ವಿಮಾನದ ಟಿಕೆಟ್ಟಿನಷ್ಟು ಹಣವನ್ನು ಊರಿನ ಖಾತೆಯಲ್ಲಿ ಯಾರೂ ಮುಟ್ಟದಂತೆ ಇರಿಸಬೇಕು.

ಕರಾರು ಪತ್ರ, ವೀಸಾ, ಪಾಸ್‌ಪೋರ್ಟ್ ಹಾಗೂ ಏಜೆಂಟರ ರಸೀದಿಗಳ ಒಂದೊಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟುಹೋಗತಕ್ಕದ್ದು. ಸಂಬಳ ನಿಂತಾಗ ಅಥವಾ ಪಾಸ್‌ಪೋರ್ಟನ್ನು ಮಾಲೀಕರು ಇರಿಸಿಕೊಂಡಾಗ ವಿದೇಶಾಂಗ ಮಂತ್ರಾಲಯದ ಮದದ್ ಜಾಲತಾಣದಲ್ಲಿ ಕುಟುಂಬದವರೂ ದೂರು ದಾಖಲಿಸಬಹುದಾಗಿದ್ದು, ಆಗ ಈ ಪ್ರತಿಗಳು ಬೇಕಾಗುತ್ತವೆ.