ಮಾನವಶಾಸ್ತ್ರದ ಎಂ.ಎ. ಸೀಟು ನಿಮಗೆ ಸಿಗುತ್ತಾ?

‘ಬಿ.ಎ.ನಲ್ಲಿ 58 ಪರ್ಸೆಂಟ್ ಬಂದಿದೆ. ಮಾನವಶಾಸ್ತ್ರದಲ್ಲಿ ಎಂ.ಎ. ಮಾಡೋ ಆಸೆ. ಸೀಟು ಸಿಗುತ್ತಾ?’

ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿಯರು ಮಾತ್ರ ಕೇಳೋ ಪ್ರಶ್ನೆ ಅಲ್ಲ ಇದು. ಮಗು ಸ್ಕೂಲಿಗೆ ಹೋಗಲು ಶುರುವಾದ ಮೇಲೆ ಮತ್ತೆ ಪುಸ್ತಕ ಹಿಡಿಯುವ ಮನಸ್ಸು ಮಾಡಿದ ಗೃಹಿಣಿಯರಿಗೂ ಇದೇ ಚಿಂತೆ. ‘ಅದನ್ನು ಓದಿ ಏನು ಮಾಡ್ತೀಯಾ?’ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಅವರಿಗೆ ಉತ್ತರ ಹೇಳುವ ಮೊದಲು ಸೀಟಿನ ಲೆಕ್ಕ ಹಾಕಿಕೊಳ್ಳಿ.

ನೋಟಿಫಿಕೇಷನ್‌ನಲ್ಲಿ ಕೊಟ್ಟಿರುವ ಕನಿಷ್ಠ ಅಂಕ ಬಂದಿದ್ದರೆ ನೀವು ಅರ್ಜಿ ಹಾಕಬಹುದು, ಅಷ್ಟೇ. ಸೀಟು ಬೇರೆ ಮಾತು. ನಮ್ಮಲ್ಲಿ ಧಾರವಾಡದ ಕರ್ನಾಟಕ ವಿ.ವಿ. ಮತ್ತು ಮೈಸೂರು ವಿ.ವಿ.ಗಳಲ್ಲಿ ಈ ವಿಷಯದ ವಿಭಾಗವಿದೆ, ಅಲ್ಲಿನ ನಿಯಮ ಅಲ್ಲಿಯದೇ. ಹೈದರಾಬಾದ್, ಪುದುಚೇರಿಯ ಕೇಂದ್ರೀಯ ವಿ.ವಿ.ಗಳಿಗೆ ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕು. 75 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಟ್!

ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಿ. 40 ಸರಿ, 20 ತಪ್ಪು ಆದರೆ 160ರಲ್ಲಿ 20 ಕಳೆದು 140. ಇದನ್ನು ಹಿಂದಿನ ವರ್ಷ ನಿಮ್ಮ ಕೆಟಗರಿಯಲ್ಲಿ ಕೊನೆಯ ಸೀಟು ಪಡೆದವರ ಅಂಕದ ಜೊತೆ ಹೋಲಿಸಿ. ಪಕ್ಕದ ಮನೆಯವರ ಅಭಿಪ್ರಾಯಕ್ಕಿಂತ ಈ ಲೆಕ್ಕ ನಂಬಬಹುದು.

ಇತಿಹಾಸ, ಸಮಾಜಶಾಸ್ತ್ರ ಓದಿದವರು ಎಡವುವುದು ಒಂದೇ ಕಡೆ. ಬಂಧುತ್ವ, ಜಾತಿ, ಬುಡಕಟ್ಟು ಎಂದರೆ ನೀರು ಕುಡಿದ ಹಾಗೆ ಬರೆಯುತ್ತಾರೆ. ಆದರೆ ಈ ವಿಷಯದಲ್ಲಿ ಮಾನವ ವಿಕಾಸ, ಪಳೆಯುಳಿಕೆ, ಅನುವಂಶೀಯತೆ, ಶಿಲಾಯುಗದ ಆಯುಧಗಳೂ ಇರುತ್ತವೆ. ಬಿ.ಎಸ್ಸಿ. ಹುಡುಗಿಯರು ಮುಂದೆ ಹೋಗೋದು ಇಲ್ಲೇ. ಕೈಯಲ್ಲಿ ಮೂರು ತಿಂಗಳಿದ್ದರೆ ಎರಡು ತಿಂಗಳು ಈ ಭಾಗಕ್ಕೇ ಕೊಡಿ.

ವಿದೇಶದ ಆಸೆ ಇದೆಯಾ? ಅಲ್ಲಿ ಅಂಕ ಒಂದೇ ನೋಡುವುದಿಲ್ಲ. ಏನನ್ನು ಅಧ್ಯಯನ ಮಾಡಬೇಕೆಂದಿದ್ದೀರಿ, ಆ ವಿಭಾಗದಲ್ಲಿ ಅದನ್ನು ಬಲ್ಲ ಪ್ರಾಧ್ಯಾಪಕರಿದ್ದಾರೆಯೇ, ನಿಮ್ಮನ್ನು ಚೆನ್ನಾಗಿ ಬಲ್ಲ ಮೇಷ್ಟ್ರುಗಳು ಪತ್ರ ಕೊಡುತ್ತಾರೆಯೇ ಎಂಬುದೇ ಮುಖ್ಯ. ಮೂರು ವರ್ಷದ ಡಿಗ್ರಿಯನ್ನು ಒಪ್ಪುತ್ತಾರಾ ಎಂದು ಮೊದಲೇ ಇ-ಮೇಲ್‌ನಲ್ಲಿ ಕೇಳಿಕೊಳ್ಳಿ, ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ವಿದ್ಯಾರ್ಥಿವೇತನ ಸಿಗುತ್ತದೆ, ಎಂ.ಎ.ಗೆ ಬಹುಪಾಲು ಸ್ವಂತ ದುಡ್ಡು. ಹಾಗಾಗಿ ಪಿಎಚ್.ಡಿ. ಸೀಟಿಗೇ ನೂಕುನುಗ್ಗಲು.

ಮದುವೆ, ಮಕ್ಕಳು ಎಂದು ಓದು ನಿಂತಿದ್ದರೆ ಅದನ್ನು ಮುಚ್ಚಿಡಬೇಡಿ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದಿದ್ದೀರಾ? ಊರ ಜಾತ್ರೆಯಲ್ಲಿ ಯಾವ ಮನೆಗೆ ಯಾವ ಕೆಲಸ ಎಂದು ಗೊತ್ತಾ? ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯಲ್ಲಿ ಉಳಿದು ಗಮನಿಸಿದ್ದು ಇಂಥ ಬದುಕನ್ನೇ. ಸಂದರ್ಶನವಿದ್ದರೆ ಧೈರ್ಯವಾಗಿ ಹೇಳಿ.

ಕ್ಷೇತ್ರಕಾರ್ಯಕ್ಕೆ ಕೆಲವು ವಾರ ಹಳ್ಳಿಯಲ್ಲೋ ಹಾಡಿಯಲ್ಲೋ ಇರಬೇಕಾಗಿ ಬರಬಹುದು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಯಜಮಾನರು, ಅತ್ತೆಯವರ ಹತ್ತಿರ ಈಗಲೇ ಮಾತಾಡಿ. ಸೀಟು ಸಿಕ್ಕಮೇಲೆ ರಗಳೆ ಬೇಡ.

ಇನ್ನೊಂದು ಮಾತು, ಕೇಂದ್ರೀಯ ವಿ.ವಿ.ಗೆ ಒಬಿಸಿ ಮೀಸಲಾತಿಯಡಿ ಅರ್ಜಿ ಹಾಕುವವರಿಗೆ ನಮ್ಮ 2ಎ, 3ಎ ಸರ್ಟಿಫಿಕೇಟ್ ಸಾಲದು. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಮಾಡಿಸಿ. ಕೊನೆ ವಾರಕ್ಕೆ ಇಟ್ಟುಕೊಂಡರೆ ತಾಲ್ಲೂಕು ಕಚೇರಿ ಅಲೆದಾಟದಲ್ಲೇ ದಿನಾಂಕ ಮುಗಿದುಹೋಗುತ್ತದೆ.