ಹಾಳೆಯ ತಟ್ಟೆಯೂ ಬೆಳ್ಳಿಯ ಡಬ್ಬಿಯೂ

ಗುರುವಾಯನಕೆರೆಯ ಸುತ್ತಣ ತೋಟಗಳಲ್ಲಿ ಉದುರುವ ಅಡಿಕೆ ಹಾಳೆಯು ಇಂದು ತಟ್ಟೆಯಾಗಿ ಮದುವೆ ಮುಂಜಿಗಳ ಪಂಕ್ತಿಗೆ ಬಂದಿದೆ. ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರಾಯಿತು. ಅಂಟೂ ಬೇಡ, ಬಣ್ಣವೂ ಬೇಡ. ಹೀಗಿರಲು 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಹಾಳೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂದು ಹೇಳಿ, ಇಂಥ ತಟ್ಟೆಗಳನ್ನು ಊಟಕ್ಕೆ ಬಳಸಕೂಡದೆಂದು ಎಚ್ಚರಿಸಿತು. ರಫ್ತನ್ನೇ ನಂಬಿದ್ದ ತಯಾರಕರಿಗೆ ಇದು ದೊಡ್ಡ ಪೆಟ್ಟು.

ಸುದ್ದಿಯನ್ನೋದಿದಾಗ ನಮಗೆ ಮೊದಲು ಬಂದದ್ದು ಸಿಟ್ಟೇ. ಅನಂತರ ಯೋಚಿಸಲಾಗಿ, ಪ್ರಶ್ನೆಯು ಅನ್ಯಾಯದ್ದಲ್ಲವೆನಿಸಿತು. ಪಾತ್ರೆಯಿಂದ ಅನ್ನಕ್ಕೆ ಏನು ಇಳಿಯುತ್ತದೆ? ಹಾಳೆಗೆ ಕೇಳಿದ ಈ ಪ್ರಶ್ನೆಯನ್ನು, 'ರೋಗಾಣುನಾಶಕ' ಎಂಬ ಚೀಟಿಯಂಟಿಸಿಕೊಂಡು ಅಂಗಡಿಗೆ ಬರುವ ಪ್ಲಾಸ್ಟಿಕ್ ಡಬ್ಬಿಗಳಿಗೂ ಕೇಳಬೇಡವೆ?

ಅಂಥ ಕೆಲವು ಡಬ್ಬಿಗಳ ಗುಟ್ಟು ಬೆಳ್ಳಿಯ ನ್ಯಾನೋ ಕಣಗಳಲ್ಲಿದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಗಾತ್ರದವು ಈ ಕಣಗಳು. ಬೆಳ್ಳಿಯನ್ನು ಇಷ್ಟು ನುಣ್ಣಗೆ ಮಾಡಿದಾಗ ಅದರ ಮೇಲ್ಮೈ ಅಪಾರವಾಗಿ ಹಿಗ್ಗಿ, ಬೆಳ್ಳಿಯ ಅಯಾನುಗಳು ಹೆಚ್ಚಾಗಿ ಹೊರಬಿದ್ದು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ. ಕೊಲ್ಲುವ ಗುಣವೇ ಚಿಂತೆಗೂ ಕಾರಣ. ನಮ್ಮ ಕರುಳಿನಲ್ಲಿರುವ ಉಪಕಾರಿ ಜೀವಾಣುಗಳನ್ನು ಅದು ಗುರುತಿಸಿ ಬಿಟ್ಟುಬಿಡುವುದಿಲ್ಲ. ಹುಳಿ ಪದಾರ್ಥವಿದ್ದರೆ, ಬಿಸಿಯಿದ್ದರೆ, ಡಬ್ಬಿಯಿಂದ ಬೆಳ್ಳಿ ಇಳಿಯುವುದೂ ಹೆಚ್ಚು. 2014ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ನೋಂದಣಿಯಿಲ್ಲದ ಇಂಥ ಡಬ್ಬಿಗಳ ಮಾರಾಟವನ್ನು ಕೀಟನಾಶಕ ಕಾನೂನಿನನ್ವಯ ನಿಲ್ಲಿಸಿತು. ಬುತ್ತಿಯ ಡಬ್ಬಿಗೆ ಕೀಟನಾಶಕದ ಕಾನೂನು!

ಸಿಹಿತಿಂಡಿಯ ಮೇಲಿನ ಬೆಳ್ಳಿ ವರಖು ಹೊಸತಲ್ಲ. ಅದು ತೆಳುಹಾಳೆ, ನ್ಯಾನೋ ಪುಡಿಯಲ್ಲ. ಆದರೂ 2016ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ಆಹಾರದ ಬೆಳ್ಳಿಯನ್ನು ಮರುಪರಿಶೀಲಿಸಿ, ಕಣಗಾತ್ರವೇ ಮೊದಲಾದ ಮಾಹಿತಿ ಸಾಲದೆಂದು ತೀರ್ಮಾನ ಹೇಳದೆ ನಿಂತಿತು. ಬಿಳುಪಿಗಾಗಿ ಮಿಠಾಯಿಗೆ ಸೇರಿಸುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು, ಸಂಶಯ ನಿವಾರಣೆಯಾಗಲಿಲ್ಲವೆಂಬ ಕಾರಣಕ್ಕೆ, ಐರೋಪ್ಯ ಒಕ್ಕೂಟವು 2022ರಲ್ಲಿ ಆಹಾರದಿಂದ ಹೊರಗಿಟ್ಟಿತು. ನಮ್ಮ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೃಷಿ ಮತ್ತು ಆಹಾರದ ನ್ಯಾನೋ ಉತ್ಪನ್ನಗಳ ಪರೀಕ್ಷೆಗೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಮಾರ್ಗಸೂಚಿಯನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವ ಗೃಹಿಣಿ ಯಾರಿದ್ದಾರೆ?

ಹಾಳೆ ತಟ್ಟೆಯವರು ತಮ್ಮ ಸರಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡಲಿ. ಡಬ್ಬಿಯವರೂ ಹಾಗೆಯೇ ಮಾಡಲಿ. ಅಲ್ಲಿಯವರೆಗೆ ನಾವಂತೂ ಬಿಸಿ ಹುಳಿಯನ್ನು ಸ್ಟೀಲಿನ ಪಾತ್ರೆಗೇ ಬಗ್ಗಿಸುತ್ತೇವೆ, ಕಡುಬನ್ನು ಹಲಸಿನ ಎಲೆಯ ಕೊಟ್ಟೆಯಲ್ಲೇ ಬೇಯಿಸುತ್ತೇವೆ.