ಕಣಗಿಲೆ: ಅಂಗಳದ ಚೆಲುವು, ಪ್ರಾಣಿಗಳಿಗೆ ವಿಷ

ಮನೆಯಂಗಳದಲ್ಲೂ ಹೆದ್ದಾರಿಯ ವಿಭಜಕಗಳಲ್ಲೂ ಅರಳುವ, ದೇವರ ಪೂಜೆಗೂ ಸಲ್ಲುವ ಕಣಗಿಲೆಯ ಎಲೆ, ಹೂವು, ಕಾಂಡ, ಬೇರುಗಳೆಲ್ಲವೂ ನಾಯಿ, ಬೆಕ್ಕು, ದನ, ಕುದುರೆಗಳಿಗೆ ಮಾರಕವಾಗಬಲ್ಲ ವಿಷವನ್ನು ಹೊಂದಿವೆ. ಇದರಲ್ಲಿರುವ ಒಲಿಯಾಂಡ್ರಿನ್ ಒಂದು ಗ್ಲೈಕೊಸೈಡ್, ಅಂದರೆ ಸಕ್ಕರೆಯ ಅಂಶದೊಂದಿಗೆ ಬೆಸೆದುಕೊಂಡ ಸಸ್ಯಜನ್ಯ ಸಂಯುಕ್ತ. ಅದು ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಸಮತೋಲ ಕಾಯುವ ವ್ಯವಸ್ಥೆಯನ್ನು ತಡೆಯುವುದರಿಂದ ಬಡಿತದ ಲಯ ತಪ್ಪುತ್ತದೆ.

ಹಸಿ ಎಲೆ ಕಹಿಯಾದ್ದರಿಂದ ಪ್ರಾಣಿಗಳು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲವಾದರೂ, ಕತ್ತರಿಸಿ ಬಿಸಾಡಿದ ರೆಂಬೆಗಳ ಎಲೆಗಳು ಒಣಗಿ ಹುಲ್ಲಿನಲ್ಲಿ ಬೆರೆತಾಗ ಮೇವಿನೊಂದಿಗೇ ತಿಂದುಬಿಡುತ್ತವೆ. ಒಣಗಿದರೂ ಎಲೆಯ ವಿಷ ಉಳಿದೇ ಇರುತ್ತದೆ. ಕುದುರೆಗೆ ವಾಂತಿ ಮಾಡುವ ಸಾಮರ್ಥ್ಯವಿಲ್ಲದಿರುವುದರಿಂದ ಅಪಾಯ ಇನ್ನೂ ಹೆಚ್ಚು. ಹೊಟ್ಟೆನೋವು, ಭೇದಿ, ನಿತ್ರಾಣ ಕಂಡೊಡನೆ ಮನೆಮದ್ದನ್ನು ನೆಚ್ಚಿ ಕೂರದೆ ಪಶುವೈದ್ಯರನ್ನು ಕರೆಸಬೇಕು. ಕತ್ತರಿಸಿದ ರೆಂಬೆಗಳನ್ನು ಅಂದೇ ಮೇವಿನಿಂದ ದೂರ ಸಾಗಿಸಬೇಕು.